ನಮ್ಮ ಕಳ್ಳನ ಲೆಕ್ಕ: 24 ರಾತ್ರಿ, 14,646 ರೂಪಾಯಿ

2025ರ ಜೂನ್ ಕೊನೆಯ ವಾರ ನಮ್ಮ ಗುಂಪಿನ ಕಳ್ಳ ವಾಟ್ಸಾಪ್‌ಗೆ ಒಂದು ಎಕ್ಸೆಲ್ ಶೀಟ್ ಹಾಕಿದ. ಕೆಳಗೆ ಒಂದೇ ಸಾಲು. "ಡಿಎಂ ಸಾಹೇಬ್ರ, ಇದನ್ನ ಒಮ್ಮೆ ನೋಡ್ರಿ, ಆಮ್ಯಾಲ ಮಾತಾಡೂಣು."

ಕಳ್ಳ ಅಂದರೆ ನಿಜವಾಗಿ ಕಳ್ಳ ಅಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ (ಫೌಂಡ್ರಿ) ಅಕೌಂಟೆಂಟ್. ವಾರಕ್ಕೊಂದು ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವಾಗ ಮಾತ್ರ ಬೀಗ ಒಡೆಯುತ್ತಾನೆ, ಜೇಬು ಕತ್ತರಿಸುತ್ತಾನೆ. ನಾವು ಒಟ್ಟು ಆರು ಜನ. ನಾನು ಡಿಎಂ, ಅಂದರೆ ಕಥೆ ನಡೆಸುವವನು, ರಾಕ್ಷಸರನ್ನು ಆಡಿಸುವವನು. ಉಳಿದ ಐವರು ಒಂದೊಂದು ಪಾತ್ರ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಪಾತ್ರದಿಂದಲೇ ಕರೆಯುತ್ತೇನೆ. ಹೇಗಿದ್ದರೂ ಐದು ವರ್ಷದಿಂದ ನಾವು ಒಬ್ಬರಿಗೊಬ್ಬರು ಹಾಗೇ ಕರೆಯೋದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಶುರು ಮಾಡಿದ ಆಟ ಇದು. ಬೋರ್ಡ್ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಮಾತಿನಲ್ಲೇ ನಡೆಯುತ್ತದೆ, ಅನುಮಾನ ಬಂದಲ್ಲಿ 20 ಮುಖದ ದಾಳ ಉರುಳಿಸುತ್ತೀರಿ. ಬೇಕಾದ್ದು ಒಂದು ನಿಯಮದ ಪುಸ್ತಕ, ಪೆನ್ಸಿಲ್, ಕಾಗದ, ಮತ್ತು ಬಿಡುವಿರುವ ನಾಲ್ಕು ಜನ. ಕೊನೆಯದೇ ಸಿಗೋದು ಕಷ್ಟ.

2024ರ ಜೂನ್‌ವರೆಗೆ ನಾವು ಟಿಳಕವಾಡಿಯ ನಮ್ಮ ಮನೆ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದೆವು. ಆರು ಜನಕ್ಕೆ ಒಂದೇ ಪುಸ್ತಕ, ಬೆನ್ನು ಕಿತ್ತು ಹೋಗಿತ್ತು. ಆ ತಿಂಗಳು ಮಂತ್ರವಾದಿ ಕೆಲಸಕ್ಕೆಂದು ಪುಣೆಗೆ ಹೋದ, ಪೂಜಾರಿ (ಇವಳು ನನ್ನ ಚಿಕ್ಕಪ್ಪನ ಮಗಳು) ಬೆಂಗಳೂರಿಗೆ ಹೋದಳು. ಆಟ ನಿಲ್ಲಿಸುವ ಮಾತು ಯಾರೂ ಎತ್ತಲಿಲ್ಲ. ಆನ್‌ಲೈನ್ ಆಡೋಣ ಅಂದೆವು. ರೊಕ್ಕದ ವಿಷಯ ಅಲ್ಲಿಂದ ಶುರುವಾಯಿತು.

ಜುಲೈ ಮೊದಲ ವಾರ ನಾನು ಒಬ್ಬನೇ ಕೂತು, ಯಾರನ್ನೂ ಕೇಳದೆ, ಮೂರು ಖರೀದಿ ಮಾಡಿದೆ. ಒಂದು, ಡಿ ಅಂಡ್ ಡಿ ಬಿಯಾಂಡ್ ಅನ್ನುವ, ಆಟದ ಕಂಪನಿಯದೇ ತಾಣದ ಮಾಸ್ಟರ್ ಚಂದಾ, ಆಗ ವರ್ಷಕ್ಕೆ 54.99 ಡಾಲರ್. ಎರಡು, ಅದೇ ತಾಣದಲ್ಲಿ ಡಿಜಿಟಲ್ ಪುಸ್ತಕ ಎರಡು, ಒಂದೊಂದಕ್ಕೆ 29.99 ಡಾಲರ್. ಇದು ಬಹಳ ಜನರಿಗೆ ತಿಳಿಯೋದಿಲ್ಲ. ಚಂದಾ ಕಟ್ಟಿದರೆ ಪುಸ್ತಕ ಬರೋದಿಲ್ಲ, ಪುಸ್ತಕಕ್ಕೆ ಬೇರೆ ರೊಕ್ಕ. ಮಾಸ್ಟರ್ ಚಂದಾದ ಮುಖ್ಯ ಉಪಯೋಗ ಏನಂದರೆ, ನಾನು ಕೊಂಡ ಪುಸ್ತಕವನ್ನು ನನ್ನ ಆಟದಲ್ಲಿರುವ ಎಲ್ಲರೂ ತಮ್ಮ ಮೊಬೈಲಿನಲ್ಲಿ ಬಳಸಬಹುದು. ಮೂರು, ಆನ್‌ಲೈನ್ ಮ್ಯಾಪ್ ತೋರಿಸುವ ಬೇರೊಂದು ತಾಣದ ತಿಂಗಳ ಚಂದಾ, ಎಲ್ಲಾ ಸೇರಿ 510 ರೂಪಾಯಿ. ಅದರ ಹೆಸರು ಬೇಡ, ಮುಂದೆ ಅದರ ಮೇಲೆ ಸ್ವಲ್ಪ ಸಿಟ್ಟು ಬರುವುದಿದೆ.

ಡಾಲರ್ ಆಗ 84 ರೂಪಾಯಿ ಹತ್ತಿರ ಇತ್ತು. 54.99 ಡಾಲರ್ ಅಂದರೆ 4,619 ರೂಪಾಯಿ ಅಂತ ನಾನು ಅಂದುಕೊಂಡಿದ್ದೆ. ಬ್ಯಾಂಕ್ ವಿದೇಶಿ ವಹಿವಾಟಿಗೆ ಅಂತ 3.5 ಶೇಕಡಾ ಹಿಡಿಯಿತು, ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ. ಸ್ಟೇಟ್‌ಮೆಂಟಿನಲ್ಲಿ ಬಂದಿದ್ದು 4,810. ಎರಡು ಪುಸ್ತಕ 5,246. ಡಾಲರಿನಲ್ಲಿ ಬೆಲೆ ನೋಡಿ ಅಗ್ಗ ಅನ್ನುವವರು ಈ ಬಾಲವನ್ನೂ ಸೇರಿಸಿ ನೋಡಬೇಕು.

ಮೊದಲ ತಿಂಗಳು ಹಬ್ಬ. ನಾಲ್ಕು ಶನಿವಾರ, ನಾಲ್ಕೂ ರಾತ್ರಿ ಆಟ. ಡಿಸ್ಕಾರ್ಡ್‌ನಲ್ಲಿ ಮಾತು, ಅದು ಪುಕ್ಕಟೆ. ಮೊಬೈಲಿನಲ್ಲಿ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಬಲ, ಮಂತ್ರ, ಸಾಮಾನು ಬರೆದಿಡುವ ಹಾಳೆ. ಈ ಶೀಟಿನ ಬಗ್ಗೆ ಹೇಳಲೇಬೇಕು. ಮೊದಲೆಲ್ಲ ಪಾತ್ರಗಳು ಒಂದು ಹಂತ ಮೇಲೇರಿದ ದಿನ ಆಟವೇ ಇಲ್ಲ. ಒಂದು ಪುಸ್ತಕ ಐದು ಕೈ ಸುತ್ತಬೇಕು, ಪೂಜಾರಿ ಹೊಸ ಮಂತ್ರ ಆರಿಸೋದರಲ್ಲಿ ಒಂದು ತಾಸು, ಕಳ್ಳ ತನ್ನ ಕೂಡಿಸುವ ಲೆಕ್ಕ ಮೂರು ಸಲ ಮಾಡುತ್ತಾನೆ, ಕೊನೆಗೆ ಯೋಧ ಹಸಿವಾಯಿತು ಅಂತ ಎದ್ದು ಹೋಗುತ್ತಾನೆ. ಈಗ ಯೋಧ ಲಾಡ್ಜಿನ ಕೌಂಟರಿನಲ್ಲಿ ಕೂತೇ ಬೆರಳಲ್ಲಿ ಒತ್ತಿ ಮುಗಿಸಿದ. ಯೋಧ ಊರೊಳಗಿನ ಒಂದು ಲಾಡ್ಜಿನಲ್ಲಿ ಕೆಲಸ ಮಾಡುತ್ತಾನೆ, ಅದು ಮುಂದೆ ಬೇಕಾಗುತ್ತದೆ. ಸುಮ್ನೆ ಹೊಗಳುತ್ತಿಲ್ಲ, ಒಂದು ವರ್ಷದಲ್ಲಿ ನಮಗೆ ಇದರಿಂದ ನಾಲ್ಕೈದು ರಾತ್ರಿ ಉಳಿದಿದೆ. ಆರು ಜನರ ಶನಿವಾರ ರಾತ್ರಿ ಅದು, ಅಲ್ವಾ?

ಮ್ಯಾಪ್ ತಾಣದ ಕಥೆ ಬೇರೆ. ಅದರಲ್ಲಿ ಒಂದು ಸೊಗಸಿತ್ತು. ಗೋಡೆಗಳನ್ನು ಗುರುತಿಸಿಟ್ಟರೆ ಪ್ರತಿ ಪಾತ್ರಕ್ಕೂ ತನ್ನ ಪಂಜಿನ ಬೆಳಕು ಬಿದ್ದಷ್ಟೇ ಕಾಣುತ್ತದೆ, ಉಳಿದದ್ದೆಲ್ಲ ಕತ್ತಲು. ಚಂದಾ ಕಟ್ಟಿದವರಿಗೆ ಮಾತ್ರ ಈ ಬೆಳಕು. ನಾನು ಮರುಳಾದೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಕೂತರೆ ಒಂದು ನೆಲಮಾಳಿಗೆಗೆ ಗೋಡೆ ಎಳೆಯಲು ಮೂರು ತಾಸು. ಪ್ರತಿ ಬಾಗಿಲು, ಪ್ರತಿ ಕಂಬ, ಪ್ರತಿ ಕಿಟಕಿ. ಒಂದು ಗೆರೆ ಸ್ವಲ್ಪ ಆಚೆ ಬಿದ್ದರೆ ಬೆಳಕು ಸೋರುತ್ತದೆ. ಆಗಸ್ಟಿನಲ್ಲಿ ಒಂದು ಕೋಟೆ ಮಾಡಿದೆ, ನಮ್ಮ ಬೆಳಗಾವಿ ಕೋಟೆಯ ಹಾಗೇ ಸುತ್ತ ಕಂದಕ, ಒಳಗೆ ಒಂದು ಬಸದಿ. ಎರಡು ಶುಕ್ರವಾರ ಹೋಯಿತು. ಶನಿವಾರ ಐವರೂ ಕೋಟೆ ಬಾಗಿಲ ಮುಂದೆ ಬಂದು ನಿಂತರು, ಹತ್ತು ನಿಮಿಷ ಚರ್ಚೆ ಮಾಡಿದರು, ಒಳಗೆ ಹೋಗೋದು ಬೇಡ, ಊರಿಗೆ ವಾಪಸ್ ಹೋಗಿ ಸಂತೆಯಲ್ಲಿ ಕತ್ತೆ ಕೊಳ್ಳೋಣ ಅಂತ ತೀರ್ಮಾನಿಸಿದರು. ಮೂರು ತಾಸು ಕತ್ತೆಯ ಚೌಕಾಸಿ. ಆ ವರ್ಷದ ಅತ್ಯಂತ ಒಳ್ಳೆಯ ಸೆಷನ್ ಅದು, ಯಾರನ್ನು ಬೇಕಾದರೂ ಕೇಳಿ. ಸಂತೆಗೆ ಮ್ಯಾಪೇ ಇರಲಿಲ್ಲ.

ಅದೇ ಆಗಸ್ಟ್ ಕೊನೆಗೆ ಇನ್ನೊಂದು ಗದ್ದಲ. ಸೆಪ್ಟೆಂಬರಿನಲ್ಲಿ ಆಟದ ಹೊಸ ಆಟಗಾರರ ಕೈಪಿಡಿ ಬರುವುದಿತ್ತು. ಅದು ಬಂದ ಮೇಲೆ ಡಿ ಅಂಡ್ ಡಿ ಬಿಯಾಂಡ್‌ನ ಶೀಟಿನಲ್ಲಿ ಹಳೆಯ, 2014ರ ಕೈಪಿಡಿಯ ಮಂತ್ರಗಳು, ಮಾಯಾ ವಸ್ತುಗಳ ಜಾಗದಲ್ಲಿ 2024ರವು ಬರುತ್ತವೆ, ಹಳೆಯದು ಬೇಕಿದ್ದರೆ ನೀವೇ ಕೈಯಾರೆ ತುಂಬಿಕೊಳ್ಳಿ ಅಂತ ಕಂಪನಿ ಹೇಳಿತು. ಮಂತ್ರವಾದಿ ಪುಣೆಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಲೇ, ನಾವು ರೊಕ್ಕಾ ಕೊಟ್ಟ ತಗೊಂಡಿದ್ದ ಪುಸ್ತಕನ ಅವರು ಹ್ಯಾಂಗ ಬದಲ ಮಾಡ್ತಾರೊ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಜಗತ್ತಿನ ಆಟಗಾರರೆಲ್ಲ ಕೂಗಾಡಿದ ಮೇಲೆ ಕೆಲವೇ ದಿನದಲ್ಲಿ ಕಂಪನಿ ಹಿಂದೆ ಸರಿಯಿತು, ಹಳೆಯದೂ ಶೀಟಿನಲ್ಲಿ ಉಳಿಯಿತು. ಆದರೆ ಮಂತ್ರವಾದಿಯ ಪ್ರಶ್ನೆ ಹಾಗೇ ಉಳಿಯಿತು. ನಾವು ಕೊಂಡದ್ದು ಪುಸ್ತಕ ಅಲ್ಲ, ಅವರ ಮನೆಯಲ್ಲಿ ಕೂತು ಓದುವ ಪರವಾನಗಿ.

ಇದು ಮೊದಲ ಸಲವೂ ಅಲ್ಲ. 2023ರ ಜನವರಿಯಲ್ಲಿ ಅದೇ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹಳೆಯ ಮುಕ್ತ ಲೈಸೆನ್ಸ್ (ಆಟದ ನಿಯಮ ಬಳಸಿ ಬೇರೆಯವರೂ ಪುಸ್ತಕ ಮಾಡಲು ಕೊಟ್ಟ ಅನುಮತಿ) ಬಿಗಿ ಮಾಡುವ ಕರಡು ಹೊರಬಿದ್ದಾಗ ಜನ ಸಿಟ್ಟಿನಿಂದ ಚಂದಾ ರದ್ದು ಮಾಡಿದ್ದರು. ತಿಂಗಳ ಕೊನೆಗೆ ಕಂಪನಿ ಮಣಿದು ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಎಲ್ಲರಿಗೂ ಬಿಟ್ಟಿತು. ಆ ಕಡತ ಇವತ್ತಿಗೂ ಪುಕ್ಕಟೆ, ಇಳಿಸಿಕೊಂಡರೆ ನಿಮ್ಮದೇ. 12 ಬಗೆಯ ಪಾತ್ರಗಳೂ ಅದರಲ್ಲಿವೆ, ಆದರೆ ಒಂದೊಂದಕ್ಕೆ ಒಂದೇ ಉಪಶಾಖೆ. ಹೊಸಬರಿಗೆ ಅಷ್ಟು ಸಾಕು. ನಮ್ಮ ಪೂಜಾರಿಗೆ ಸಾಲದು, ಅವಳಿಗೆ ಸಿಡಿಲಿನ ದೇವರೇ ಬೇಕು.

ಸೆಪ್ಟೆಂಬರ್ 7ಕ್ಕೆ ಗಣೇಶ ಚೌತಿ. ಪುಣೆ, ಬೆಂಗಳೂರಿನವರು ಇಬ್ಬರೂ ಊರಿಗೆ ಬಂದರು. ಹತ್ತು ದಿನದಲ್ಲಿ ಮೂರು ರಾತ್ರಿ ಹಳೆಯ ಕೋಣೆಯಲ್ಲೇ ಆಡಿದೆವು. ಹೊರಗೆ ಡೋಲು, ಒಳಗೆ ಚೌಕಳಿ ಹಾಳೆ. ರಾಕ್ಷಸರಿಗೆ ಹುಣಸೆ ಬೀಜ, ಒಡೆಯನಿಗೆ ಒಂದು ಕವಡೆ, ಬೆಟ್ಟಕ್ಕೆ ಕುಂದಾದ ಖಾಲಿ ಡಬ್ಬಿ. ಅವ್ವ ಚಹಾ ತಂದವಳು ಹುಣಸೆ ಬೀಜ ಎಣಿಸಿ, "ಇಷ್ಟ ಮಂದಿ ಕೂಡ ನಿಮ್ಮ ಹುಡುಗ್ರು ಹೊಡದಾಡ್ತಾರೇನು?" ಅಂತ ಕೇಳಿದಳು. ಆ ಪ್ರಶ್ನೆ ಸರಿಯೇ ಇತ್ತು, ನಾನು ಆರು ಬೀಜ ತೆಗೆದೆ. ಈ ಮೂರು ರಾತ್ರಿಯೂ ಶೀಟ್ ಮೊಬೈಲಿನಲ್ಲೇ ಇತ್ತು. ಮ್ಯಾಪ್ ತಾಣ ಮಾತ್ರ ಸುಮ್ಮನೆ 510 ತೆಗೆದುಕೊಂಡಿತು.

ಅಕ್ಟೋಬರಿನಲ್ಲಿ ಅದು ಸೇಡು ತೀರಿಸಿಕೊಂಡಿತು. 2021ರ ಅಕ್ಟೋಬರ್ 1ರಿಂದ ನಮ್ಮಲ್ಲಿ ಕಾರ್ಡಿನ ಸ್ವಯಂ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ಮೊದಲು ಒಟಿಪಿ ಕೊಟ್ಟು ಮ್ಯಾಂಡೇಟ್, ಅಂದರೆ ಮುಂದೆಯೂ ರೊಕ್ಕ ಹಿಡಿಯಲು ಒಪ್ಪಿಗೆ, ನೋಂದಾಯಿಸಬೇಕು, ಪ್ರತಿ ಸಲ ರೊಕ್ಕ ಹೋಗುವ 24 ತಾಸು ಮೊದಲು ಸಂದೇಶ ಬರಬೇಕು. ಈ ವ್ಯವಸ್ಥೆ ಇಟ್ಟುಕೊಳ್ಳದ ವಿದೇಶಿ ತಾಣ ರೊಕ್ಕ ಕೇಳಿದರೆ ಬ್ಯಾಂಕ್ ಇಲ್ಲ ಅನ್ನಬಹುದು. ನಮ್ಮ ಮ್ಯಾಪ್ ತಾಣದ ಪಾವತಿ ಮೂರು ತಿಂಗಳು ಹೇಗೋ ದಾಟಿತ್ತು, ನಾಲ್ಕನೇ ತಿಂಗಳು ಬ್ಯಾಂಕ್ ಇಲ್ಲ ಅಂದಿತು. ನನಗೆ ಗೊತ್ತಾಗಿದ್ದು ಶನಿವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ. ಐವರೂ ನೆಲಮಾಳಿಗೆ ಬಾಗಿಲು ತೆರೆದರು. ಕತ್ತಲು ಇರಬೇಕಾದ ಮ್ಯಾಪ್ ಹಗಲಿನಂತೆ ಬೆಳಗಿತು. ಚಂದಾ ಇಲ್ಲ, ಹಾಗಾಗಿ ಕತ್ತಲೂ ಇಲ್ಲ. ಗುಪ್ತ ಕೋಣೆ, ಅದರ ಹಿಂದಿನ ಬೋನು, ಬೋನಿನ ಹಿಂದಿನ ಪೆಟ್ಟಿಗೆ, ಪೆಟ್ಟಿಗೆ ಮೇಲೆ ನಾನು ನನಗೇ ಬರೆದುಕೊಂಡ "ಇದು ಪೆಟ್ಟಿಗೆ ಅಲ್ಲ, ಬಾಯಿ" ಅನ್ನುವ ಚೀಟಿ, ಎಲ್ಲಾ.

ಎರಡು ಕ್ಷಣ ಎಲ್ಲರೂ ಸುಮ್ಮನೆ. ಆಮೇಲೆ ಕಳ್ಳ ನಿಧಾನಕ್ಕೆ, "ನಾ ಬಲಗಡೆ ಗ್ವಾಡಿ ತಡವಿ ನೋಡ್ತೀನಿ. ಸುಮ್ನ, ಹಂಗ ಅನಸ್ತು" ಅಂದ.

ಸಿಟ್ಟಿಗೆ ಅವತ್ತೇ ರದ್ದು ಮಾಡಬೇಕಿತ್ತು. ನಾನು ಮಾಡಿದ್ದು ಉಲ್ಟಾ. ಬೇರೆ ಕಾರ್ಡ್ ಹಾಕಿ, ಮ್ಯಾಂಡೇಟ್ ಸರಿಯಾಗಿ ನೋಂದಾಯಿಸಿ, ಇನ್ನು ಮೇಲೆ ನಿಲ್ಲದಂತೆ ಮಾಡಿದೆ. ಅದು ನಿಲ್ಲಲೂ ಇಲ್ಲ. ನವೆಂಬರಿನಲ್ಲಿ ದೀಪಾವಳಿ, ಅದರ ಬೆನ್ನಿಗೆ ಮದುವೆಗಳು, ಒಂದೂ ಸೆಷನ್ ಇಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಬೆಳಗಾವಿಯವರಿಗೆ ಗೊತ್ತು, ಆ ಹದಿನೈದು ದಿನ ಊರಲ್ಲಿ ಲಾಡ್ಜಿನ ಕೋಣೆ ಸಿಗೋದಿಲ್ಲ, ಲಾಡ್ಜಿನವರಿಗೆ ರಜೆ ಸಿಗೋದಿಲ್ಲ. ಆ ವರ್ಷ ಸಾಲದ್ದಕ್ಕೆ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದ ನೂರನೇ ವರ್ಷ, ಊರೆಲ್ಲ ದೀಪಾಲಂಕಾರ. ಯೋಧ ತಿಂಗಳಿಡೀ ಕೌಂಟರ್ ಬಿಟ್ಟು ಏಳಲಿಲ್ಲ. ನಮ್ಮ ಆಟಕ್ಕೂ ಸೊನ್ನೆ. ಎರಡೂ ತಿಂಗಳು 24 ತಾಸು ಮೊದಲೇ ಸಂದೇಶ ಬಂದಿತ್ತು, ಬ್ಯಾಂಕಿನ ಇನ್ನೂ ಇಪ್ಪತ್ತು ಸಂದೇಶದ ನಡುವೆ. ನಾನು ಓದಲಿಲ್ಲ.

ಮಾರ್ಚಿನಲ್ಲಿ ಕಳ್ಳ ಮೊದಲ ಸಲ ಬಾಯಿ ಬಿಟ್ಟ. "ಏ ದೋಸ್ತ, ಈ ಮ್ಯಾಪ್ ಎಷ್ಟ ಸಲ ತಗದೀ, ಖರೇ ಹೇಳು." ಡಿಸ್ಕಾರ್ಡ್ ಹಳೆಯ ಮಾತುಗಳನ್ನು ತಿರುವಿ ಎಣಿಸಿದೆವು. 9 ತಿಂಗಳು ಕಟ್ಟಿದ್ದು 4,590. ಮ್ಯಾಪ್ ತೆರೆದ ರಾತ್ರಿ 8. ರಾತ್ರಿಗೆ 574 ರೂಪಾಯಿ, ಜೊತೆಗೆ ನನ್ನ ಶುಕ್ರವಾರಗಳು. ಇನ್ನೊಂದು ಪೆಟ್ಟು ಪೂಜಾರಿ ಕೊಟ್ಟಳು. ಡಿ ಅಂಡ್ ಡಿ ಬಿಯಾಂಡ್‌ನ ಮಾಸ್ಟರ್ ಚಂದಾದಲ್ಲಿ 2023ರಿಂದಲೇ ಒಂದು ಮ್ಯಾಪ್ ಸೌಲಭ್ಯ ಇತ್ತು, ಇನ್ನೂ ಎಳಸು, ಆದರೆ ಇತ್ತು. "ಅಣ್ಣಾ, ಇದಕ್ಕ ನೀ ಮೊದಲ ರೊಕ್ಕಾ ಕೊಟ್ಟಿಯಲ್ಲಾ?" ಕೊಟ್ಟಿದ್ದೆ. ಒಂದೇ ಕೆಲಸಕ್ಕೆ ಎರಡು ಅಂಗಡಿಯಲ್ಲಿ ಕೊಟ್ಟಿದ್ದೆ.

ಅದೇ ಹೊತ್ತಿಗೆ ಆ ಕಂಪನಿಯ 3ಡಿ ಆಟದ ಮೇಜು ಸಿಜಿಲ್ ಕೂಡ ಬಂದಿತ್ತು. ಫೆಬ್ರುವರಿಯಲ್ಲಿ ಬಿಟ್ಟರು, ಮಾರ್ಚಿನಲ್ಲಿ ಅದನ್ನು ಕಟ್ಟಿದ ತಂಡದ ಬಹುಪಾಲು ಜನರನ್ನು ಕೆಲಸದಿಂದ ತೆಗೆದರು. ನನ್ನ ಲ್ಯಾಪ್‌ಟಾಪಿಗೆ ಅದು ಹೇಗೂ ಭಾರ. ಮುಂದೆ ಅದು ಬರುತ್ತದೆ, ಇದು ಬರುತ್ತದೆ ಅಂತ ಹೇಳಿದ್ದನ್ನು ನಂಬಿ ಇವತ್ತು ಚಂದಾ ಕಟ್ಟಬೇಡಿ, ಅಷ್ಟೇ ನಾನು ಇದರಿಂದ ಕಲಿತದ್ದು.

ಏಪ್ರಿಲ್ ಒಂದಕ್ಕೆ ಮ್ಯಾಪ್ ತಾಣ ಬಿಟ್ಟೆ. ಆದರೆ ಮೋಹ ಹೋಗಿರಲಿಲ್ಲ. ಚಂದಾ ಇಲ್ಲದೆ ಒಂದೇ ಸಲ 50 ಡಾಲರ್ ಕೊಟ್ಟರೆ ಶಾಶ್ವತ ಅನ್ನುವ ತಂತ್ರಾಂಶವೊಂದಿದೆ, ಫೌಂಡ್ರಿ ಅಂತ ಹೆಸರು. ಡಿಎಂ ಒಬ್ಬನೇ ಕೊಂಡರೆ ಸಾಕು, ಉಳಿದವರು ಬ್ರೌಸರಿನಲ್ಲೇ ಬರಬಹುದು. ಬಾಲ ಸೇರಿ 4,426 ಆಯಿತು. ಖುಷಿಗೆ ಕಳ್ಳನಿಗೆ ಫೋನ್ ಮಾಡಿ "ಫೌಂಡ್ರಿ ತಗೊಂಡೆ" ಅಂದೆ. ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿದ್ದ ಅವರ ಅಪ್ಪ, ಮೂವತ್ತು ವರ್ಷ ಉದ್ಯಮಬಾಗದಲ್ಲಿ ಎರಕ ಹೊಯ್ದವರು, "ಯಾವ ಫೌಂಡ್ರಿ ತಮ್ಮಾ? ಈಗಿನ ಮಾರ್ಕೆಟ್‌ನ್ಯಾಗ ಯಾಕ ಬೇಕಿತ್ತ?" ಅಂತ ಗಾಬರಿಯಾದರು. ಕಾಕಾಗೆ ವಿವರಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು.

ಕಾಕಾ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಫೌಂಡ್ರಿ ನಿಮ್ಮ ಸ್ವಂತ ಕಂಪ್ಯೂಟರಿನಲ್ಲೇ ಓಡುತ್ತದೆ, ಹೊರಗಿನವರು ನಿಮ್ಮ ಮನೆಯ ಇಂಟರ್ನೆಟ್ ಮೂಲಕ ಒಳಗೆ ಬರಬೇಕು. ಅದಕ್ಕೆ 30000 ನಂಬರಿನ ಪೋರ್ಟ್, ಅಂದರೆ ಇಂಟರ್ನೆಟ್ಟಿನ ಒಂದು ಬಾಗಿಲು, ಬೇಕು. ರೂಟರಿನಲ್ಲಿ ತೆರೆದೆ, ಆದರೂ ಯಾರಿಗೂ ಬಾಗಿಲು ತೆರೆಯಲಿಲ್ಲ. ನಮ್ಮ ಬ್ರಾಡ್‌ಬ್ಯಾಂಡಿನವನಿಗೆ ಫೋನ್ ಮಾಡಿದರೆ, "ಸರ, ನಿಮ್ಮ ಓಣ್ಯಾಗಿನವರಿಗೆಲ್ಲಾ ಹೊರಗ ಒಂದ ಅಡ್ರೆಸ್ ಐತ್ರಿ, ನಿಮಗ ಒಬ್ಬರಿಗೇ ಬೇಕಂದ್ರ ತಿಂಗಳಾ ಬ್ಯಾರೆ ಕಟ್ಟಬೇಕ್ರಿ" ಅಂದ. ಚಂದಾ ತಪ್ಪಿಸಿಕೊಂಡು ಓಡಿ ಬಂದರೆ ಇಲ್ಲಿ ಇನ್ನೊಂದು ಚಂದಾ! ಕೊನೆಗೆ ಮಂತ್ರವಾದಿ ಎರಡು ಸಂಜೆ ಕೂತು ಪುಕ್ಕಟೆ ಟನೆಲ್ ಒಂದನ್ನು, ಅಂದರೆ ಹೊರಗಿನವರು ಒಳಗೆ ಬರುವ ಸುತ್ತುದಾರಿಯನ್ನು, ಹೊಂದಿಸಿದ. ಗುಂಪಿನಲ್ಲಿ ಇಂಥವನೊಬ್ಬ ಇಲ್ಲದಿದ್ದರೆ ಇದನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ. ಮತ್ತೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಇಡೀ ಆಟ ನನ್ನ ಮನೆಯ ಯುಪಿಎಸ್ ಮೇಲೆ.

ಈಗ ಜೂನ್ ಕೊನೆಯ ಆ ಶೀಟ್. ಕಳ್ಳ ತಿಂಗಳು ತಿಂಗಳು ಬರೆದಿದ್ದ. ಜುಲೈ 4, ಆಗಸ್ಟ್ 3, ಸೆಪ್ಟೆಂಬರ್ 3, ಅಕ್ಟೋಬರ್ 2, ಆಮೇಲೆ ಎರಡು ಸೊನ್ನೆ, ಜನವರಿ 3, ಫೆಬ್ರುವರಿ 3, ಮಾರ್ಚ್ 2, ಏಪ್ರಿಲ್ 1, ಮೇ 2 (ಅದರಲ್ಲಿ ಒಂದು, ಮದುವೆಗೆ ಬಂದಾಗ ಮಾಳಿಗೆ ಮೇಲೆ), ಜೂನ್ 1. ಒಟ್ಟು 24. ವರ್ಷದಲ್ಲಿ 52 ಶನಿವಾರ ಅಂತ ಅಂದುಕೊಂಡು ವರ್ಷದ ಚಂದಾ ಕಟ್ಟಿದವನು ನಾನು. ಖರ್ಚು ಎರಡು ಚಂದಾ, ಎರಡು ಪುಸ್ತಕ ಸೇರಿ 14,646. ರಾತ್ರಿಗೆ 610, ತಲೆಗೆ 102 ಹತ್ತಿರ.

ಒಟ್ಟು ಲೆಕ್ಕ ನೋಡಿದರೆ ಅಂಥ ಕೆಟ್ಟದ್ದಲ್ಲ. ಬಿಡಿಸಿ ನೋಡಿದರೆ ವಿಷಯ ತಿಳಿಯುತ್ತದೆ. ಮಾಸ್ಟರ್ ಚಂದಾ 4,810, ಬಳಸಿದ್ದು 24ಕ್ಕೆ 24 ರಾತ್ರಿ. ರಾತ್ರಿಗೆ 200, ತಲೆಗೆ 33 ರೂಪಾಯಿ. ಇದು ದಂಡ ಅಂತ ಕಳ್ಳನೂ ಅನ್ನಲಿಲ್ಲ. ವರ್ಷದ್ದು ಕಟ್ಟಿದ್ದು ಸರಿಯೇ ಅಂತಲೂ ಅವನೇ ತೋರಿಸಿದ. ತಿಂಗಳ ದರ ಆಗ 5.99 ಡಾಲರ್ ಇತ್ತು. ನಾವು ಆಡಿದ್ದು 10 ತಿಂಗಳು, ಅಂದರೆ 59.90. ವರ್ಷದ್ದು 54.99. ಇನ್ನೊಂದು ತಿಂಗಳು ಖಾಲಿ ಹೋಗಿದ್ದರೆ 53.91, ಆಗ ತಿಂಗಳು ತಿಂಗಳು ಕಟ್ಟಿ ಖಾಲಿ ತಿಂಗಳು ನಿಲ್ಲಿಸುವುದೇ ಅಗ್ಗ. ಕೂದಲೆಳೆಯಲ್ಲಿ ಪಾರಾಗಿದ್ದೆ, ಜಾಣತನದಿಂದ ಅಲ್ಲ. ನಿಮ್ಮ ಗುಂಪಿನಲ್ಲಿ ಪರೀಕ್ಷೆ ಬರೆಯುವವರು ಜಾಸ್ತಿ ಇದ್ದರೆ ವರ್ಷದ್ದು ಕಟ್ಟಬೇಡಿ. ಎಲ್ಲರೂ ಒಂದೇ ಊರಲ್ಲಿದ್ದು ಒಂದು ಪುಸ್ತಕ ಕೈಯಲ್ಲಿದ್ದರೆ ಯಾವುದನ್ನೂ ಕಟ್ಟಬೇಡಿ. ಇದೇ ಬಗೆಯ ಇನ್ನೊಂದು ಆಟ ಪಾಥ್‌ಫೈಂಡರ್ ಆಡುವವರಿಗಂತೂ ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಅವರು ಈ ಕಥೆ ಓದಿ ನಗಲಿ.

ಮ್ಯಾಪ್ ತಾಣದ ರೊಕ್ಕ ದಂಡವಾದದ್ದು ಅದು ಕೆಟ್ಟದ್ದು ಅಂತ ಅಲ್ಲ. ಕ್ಯಾರೆಕ್ಟರ್ ಶೀಟ್ ನಮ್ಮೆಲ್ಲರ ಸಮಯ ಉಳಿಸಿತು, ಮ್ಯಾಪ್ ನನ್ನ ಸಮಯ ತಿಂದಿತು. ಬೆಳಕು, ಗೋಡೆ, ಕಂದಕ ಎಲ್ಲ ನನ್ನ ಶೋಕಿ. ಆಟಗಾರರು ಯಾವತ್ತೂ ಕೇಳಿರಲಿಲ್ಲ, ಅವರಿಗೆ ಬೇಕಾಗಿದ್ದು ಕತ್ತೆ.

ಶೀಟಿನ ಕೊನೆಯ ಸಾಲಿನಲ್ಲಿ ಫೌಂಡ್ರಿ ಇತ್ತು, ಕೆಂಪು ಬಣ್ಣದಲ್ಲಿ. 4,426, ಬಳಸಿದ ರಾತ್ರಿ 3, ರಾತ್ರಿಗೆ 1,475. ಇದನ್ನು ಯಾಕೆ ಒಟ್ಟಿನಲ್ಲಿ ಸೇರಿಸಿಲ್ಲ ಅಂತ ಕೇಳಿದೆ. "ಅದು ಬಂಡವಾಳ. ಮುಂದಿನ ವರ್ಷ ಎಷ್ಟ ಸಲ ತಗೀತಿ ನೋಡಿ ಇಳಸ್ತೀನಿ" ಅಂದ. ಅಕೌಂಟೆಂಟ್ ಬುದ್ಧಿ.

ಇಷ್ಟು ದಿನ ಎಲ್ಲಾ ನನ್ನ ಜೇಬಿನಿಂದಲೇ ಹೋಗಿತ್ತು. ಇದು ಡಿಎಂಗಳ ಹಳೆಯ ರೋಗ, ಕೇಳಲು ನಾಚಿಕೆ. ಗಣಪತಿ ಪಟ್ಟಿ ಎತ್ತುವ ಹುಡುಗರಿಗೆ ಇರುವ ಧೈರ್ಯ ನನಗಿರಲಿಲ್ಲ. ಕಳ್ಳ ಅದಕ್ಕೂ ದಾರಿ ತಂದಿದ್ದ. ಅವನು ಕಾರ್ಖಾನೆಯಲ್ಲಿ ಭಿಶಿ (ತಿಂಗಳ ಚೀಟಿ) ನಡೆಸುತ್ತಾನೆ, ಅದೇ ರೀತಿ ಇಲ್ಲೂ. ತಿಂಗಳಿಗೆ ತಲೆಗೆ 100, ಅವನ ಯುಪಿಐಗೆ. ಚಂದಾ ಅದರಿಂದಲೇ. ಒಂದೂ ಸೆಷನ್ ಆಗದ ತಿಂಗಳ ರೊಕ್ಕ ಊಟದ ಡಬ್ಬಿಗೆ, ಮತ್ತು ಆ ತಿಂಗಳು ಯಾರ ಕಾರಣಕ್ಕೆ ಆಟ ತಪ್ಪಿತೋ ಅವರು ಊಟಕ್ಕೆ ಇನ್ನೂ 100 ಹಾಕಬೇಕು. ಯೋಧ ತಕ್ಷಣ ಅಧಿವೇಶನಕ್ಕೆ ವಿನಾಯಿತಿ ಕೇಳಿದ. ಕೊಟ್ಟೆವು. ಪೂಜಾರಿ ಬೆಂಗಳೂರು ಟ್ರಾಫಿಕ್ಕಿಗೆ ಕೇಳಿದಳು. ಕೊಡಲಿಲ್ಲ.

ಜುಲೈ ಮೊದಲ ವಾರ ಬ್ಯಾಂಕಿನ ಸಂದೇಶ ಬಂತು. ನಾಳೆ ಇಷ್ಟು ಡಾಲರ್ ಹೋಗುತ್ತದೆ, ಬೇಡವಾದರೆ ಇಲ್ಲಿ ಒತ್ತಿ. ಈ ಸಲ ಓದಿದೆ. ಹಾಗೇ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದೆ. ನಾಲ್ಕು ಜನ ಹೆಬ್ಬೆರಳು ಎತ್ತಿದರು.

ಕಳ್ಳ ಹೆಬ್ಬೆರಳು ಎತ್ತಲಿಲ್ಲ. "ಮೊದಲ ಈ ಶನಿವಾರ ಯಾರ್ಯಾರ ಬರ್ತೀರಿ ಹೇಳ್ರಿ" ಅಂತ ಬರೆದ.